ಒಕ್ಕಲು, ಗೇಣಿ, ಪಹಣಿ: ಹೊಲದ ವ್ಯಾಜ್ಯವು ಶಾಸನಸಭೆಯನ್ನು ಮುಟ್ಟಿದ ಬಗೆ

ಕನ್ನಡದಲ್ಲಿ 'ಒಕ್ಕಲು' ಎಂಬುದು ಬಹು ಹಳೆಯ ಮಾತು. ಮನೆ, ಸಂಸಾರ, ನೆಲೆ ಎಂಬುದು ಅದರ ಒಂದು ಅರ್ಥ. ಒಡೆಯನ ಭೂಮಿಯನ್ನು ಸಾಗುವಳಿ ಮಾಡಿಕೊಂಡಿರುವವನು ಎಂಬುದು ಇನ್ನೊಂದು. ಉತ್ತರ ಕರ್ನಾಟಕದಲ್ಲಿ ಬೇಸಾಯಕ್ಕೆ ಇಂದಿಗೂ ಒಕ್ಕಲುತನವೆಂದೇ ಹೆಸರು. ಇದೇ ಮಾತಿನಿಂದ 'ಒಕ್ಕಲೆಬ್ಬಿಸು' ಎಂಬ ಕ್ರಿಯಾಪದವೂ ಹುಟ್ಟಿತು. ಉಳುವವನನ್ನು ಹೊಲದಿಂದ ಹೊರಹಾಕುವುದೂ ಅವನ ಮನೆಯನ್ನು ಕಿತ್ತೆಸೆಯುವುದೂ ಭಾಷೆಯ ದೃಷ್ಟಿಗೆ ಒಂದೇ ಕಾರ್ಯವಾಗಿದ್ದಿತು. ನ್ಯಾಯಾಲಯಗಳ ಭಾಷೆಗೆ ಮಾತ್ರ ಹಾಗಿರಲಿಲ್ಲ. ಅಲ್ಲಿ ಅದು ಕರಾರಿನ ಪ್ರಶ್ನೆ. ಅವಧಿ ಮುಗಿದರೆ ಗೇಣಿದಾರನು ನೆಲವನ್ನು ಬಿಟ್ಟು ಎದ್ದುಹೋಗತಕ್ಕದ್ದು. ಈ ಎರಡು ತಿಳಿವಳಿಕೆಗಳ ನಡುವಣ ತಿಕ್ಕಾಟವೇ ಕಳೆದ ಶತಮಾನದ ಮಧ್ಯಭಾಗದಲ್ಲಿ ಹೊಲದ ಬದುವಿನಿಂದ ಶಾಸನಸಭೆಗಳ ಅಂಗಳಕ್ಕೆ ಬಂದು ನಿಂತಿತು.

೧೯೫೧ನೆಯ ಇಸವಿಯ ಬೇಸಗೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಆಗ ಭಾರತದ ಸಂವಿಧಾನವು ಜಾರಿಗೆ ಬಂದು ಒಂದೂವರೆ ವರ್ಷವೂ ತುಂಬಿರಲಿಲ್ಲ. ಬಿಹಾರದ ಜಮೀನುದಾರಿ ಪದ್ಧತಿಯನ್ನು ರದ್ದುಪಡಿಸಿದ ಅಲ್ಲಿಯ ಶಾಸನವನ್ನು ಪಾಟ್ನಾ ಉಚ್ಚ ನ್ಯಾಯಾಲಯವು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅಸಿಂಧುವೆಂದು ಸಾರಿತು. ದೊಡ್ಡ ಜಮೀನುದಾರರಿಗೆ ಕಡಮೆ ದರದ ಪರಿಹಾರ, ಸಣ್ಣವರಿಗೆ ಹೆಚ್ಚಿನ ದರ ಎಂಬ ಏರ್ಪಾಡು ಸಮಾನತೆಯ ಮೂಲಭೂತ ಹಕ್ಕಿಗೆ ವಿರುದ್ಧವೆಂಬುದು ಆ ತೀರ್ಪಿನ ಸಾರ. ಸಮಾನತೆಯ ಹೆಸರಿನಲ್ಲಿಯೇ ಅಸಮಾನತೆಯು ರಕ್ಷಣೆ ಪಡೆದ ಈ ವೈಚಿತ್ರ್ಯಕ್ಕೆ ಉತ್ತರವಾಗಿ ಪ್ರಧಾನಿ ಜವಾಹರಲಾಲ ನೆಹರೂ ಅವರು ಮೇ ತಿಂಗಳಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿಯ ಮಸೂದೆಯನ್ನು ತಾತ್ಕಾಲಿಕ ಸಂಸತ್ತಿನ ಮುಂದಿಟ್ಟರು. ಸಾರ್ವತ್ರಿಕ ಚುನಾವಣೆ ಇನ್ನೂ ನಡೆಯದಿರುವಾಗ ಸಂವಿಧಾನಕ್ಕೆ ಕೈಹಚ್ಚುವ ಅಧಿಕಾರ ಇಂಥ ಸದನಕ್ಕೆ ಇದೆಯೇ ಎಂದು ಶ್ಯಾಮಪ್ರಸಾದ ಮುಖರ್ಜಿ ಮೊದಲಾದವರು ತೀಕ್ಷ್ಣವಾಗಿ ಆಕ್ಷೇಪಿಸಿದರು. ಆ ಆಕ್ಷೇಪವು ತೂಕವಿಲ್ಲದ್ದೆಂದು ಇಂದಿಗೂ ಹೇಳಲಾಗದು. ಆದರೂ ಮಸೂದೆ ಅಂಗೀಕೃತವಾಗಿ ಜೂನ್ ೧೮ರಂದು ರಾಷ್ಟ್ರಪತಿಗಳ ಒಪ್ಪಿಗೆಯನ್ನು ಪಡೆಯಿತು. ೩೧ಎ ಮತ್ತು ೩೧ಬಿ ಎಂಬ ವಿಧಿಗಳೂ ಒಂಬತ್ತನೆಯ ಅನುಸೂಚಿಯೂ ಸಂವಿಧಾನದಲ್ಲಿ ಸೇರಿದ್ದು ಆಗಲೇ. ಭೂಸುಧಾರಣೆಯ ಶಾಸನಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ತಳ್ಳಿಹಾಕದಂತೆ ಕಾಯುವ ಕವಚ ಆ ಅನುಸೂಚಿ. ಮೊದಲಿಗೆ ೧೩ ಶಾಸನಗಳು ಅದರೊಳಗೆ ಆಶ್ರಯ ಪಡೆದವು.

ದಿಲ್ಲಿಯಲ್ಲಿ ಈ ವಾಗ್ವಾದ ನಡೆಯುತ್ತಿದ್ದಂತೆಯೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಎಂಬ ಸಣ್ಣ ಗ್ರಾಮದಲ್ಲಿ ಗೇಣಿದಾರರು ನೇಗಿಲು ಹೊತ್ತು ಗದ್ದೆಗೆ ಇಳಿದು ಸೆರೆಮನೆಯ ದಾರಿ ಹಿಡಿದಿದ್ದರು. ವ್ಯಾಜ್ಯದ ಮೂಲ ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗವು ವಾಡಿಕೆಯ ಅಳತೆಗಿಂತ ದೊಡ್ಡದೆಂಬುದು ದೀವರ ಸಮುದಾಯದ ಒಕ್ಕಲುಗಳ ದೂರು. ಕರಾರಿನಲ್ಲಿ ಇಂತಿಷ್ಟು ಕೊಳಗವೆಂದು ಇದ್ದರೂ ಕೊಳಗವೇ ಹಿಗ್ಗಿದರೆ ಕರಾರಿಗೆ ಏನು ಅರ್ಥ? ನಮ್ಮ ಶಾಸನಗಳಲ್ಲಿ ದಾನಭೂಮಿಯ ಪ್ರಮಾಣವನ್ನು ಹೇಳುವಾಗ ಮತ್ತರು, ಕಮ್ಮ ಎಂದಷ್ಟೇ ಹೇಳಿ ಬಿಡದೆ ಯಾವ ಗಳೆಯಿಂದ ಅಳೆದುದು ಎಂಬುದನ್ನೂ ಹಲವೆಡೆ ಕಲ್ಲಿನಲ್ಲಿ ಕಂಡರಿಸಿರುವುದನ್ನು ಬಲ್ಲವರಿಗೆ ಈ ದೂರಿನ ಗಾಂಭೀರ್ಯ ಹೊಳೆಯದಿರದು. ಅಳತೆಯ ಕೋಲು ಯಾರ ಕೈಯಲ್ಲಿದೆಯೋ ನೆಲದ ಫಲವೂ ಅವರದೇ.

ಎಚ್. ಗಣಪತಿಯಪ್ಪನವರ ಸಂಘಟನೆಯಲ್ಲಿ ೧೯೫೧ರ ಏಪ್ರಿಲ್ ೧೮ರಂದು ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಅದಕ್ಕೆ ನೇತೃತ್ವ ನೀಡಿದರು. ತಂಡತಂಡವಾಗಿ ರೈತರು ಗದ್ದೆಗೆ ಇಳಿದು ದಸ್ತಗಿರಿಯಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದುದರಿಂದ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಕವಚವನ್ನು ದಿಲ್ಲಿ ಸಿದ್ಧಗೊಳಿಸಿದ ತಿಂಗಳಲ್ಲಿಯೇ ಕವಚವಿಲ್ಲದ ಒಕ್ಕಲು ಸಾಗರದ ಲಾಕಪ್ಪಿನಲ್ಲಿದ್ದನೆಂಬುದು ಇತಿಹಾಸದ ಸೋಜಿಗ. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು. ಗದ್ದೆಯ ಜಗಳವು ಸದನದ ಚರ್ಚೆಯಾಗಿ ಮಾರ್ಪಟ್ಟುದು ಹೀಗೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳುವುದು ಅವಶ್ಯ. ಭೂಮಿಯ ಪ್ರಶ್ನೆ ಸಂಸತ್ತಿನದೋ ರಾಜ್ಯದ್ದೋ ಎಂಬ ಗೊಂದಲ ವಿದ್ಯಾವಂತರಲ್ಲಿಯೂ ಉಂಟು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಭೂಮಿ, ಗೇಣಿ, ಒಡೆಯ-ಒಕ್ಕಲುಗಳ ಸಂಬಂಧ ಇವು ರಾಜ್ಯಪಟ್ಟಿಯ ೧೮ನೆಯ ನಮೂದು, ವ್ಯವಸಾಯವು ೧೪ನೆಯದು. ಭೂಸ್ವಾಧೀನವಾದರೋ ಸಮವರ್ತಿ ಪಟ್ಟಿಯಲ್ಲಿದೆ. ಆಹಾರಪದಾರ್ಥಗಳ ವ್ಯಾಪಾರವೂ ೧೯೫೪ರ ಮೂರನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯ ೩೩ನೆಯ ನಮೂದಿಗೆ ಸೇರಿತು. ಹೊಲ ರಾಜ್ಯದ್ದು, ಹೊಲದ ಫಸಲು ಅಂಗಡಿಗೆ ಬಂದ ಮೇಲೆ ಇಬ್ಬರದು ಎಂದು ಸ್ಥೂಲವಾಗಿ ಹೇಳಬಹುದು. ಆದುದರಿಂದ ಸಂಸತ್ತು ಕವಚವನ್ನು ಕೊಡಬಲ್ಲುದೇ ಹೊರತು ಉಳುವವನಿಗೆ ಭೂಮಿಯನ್ನು ಕೊಡುವ ಶಾಸನ ಬೆಂಗಳೂರಿನಲ್ಲಿಯೇ ಆಗಬೇಕಾಗಿದ್ದಿತು.

ಆಗುವುದು ಸುಲಭವಾಗಿರಲಿಲ್ಲ. ೧೯೫೬ರ ನವೆಂಬರ್ ೧ರಂದು ಏಕೀಕೃತವಾದ ರಾಜ್ಯದಲ್ಲಿ ಗೇಣಿಯ ಹೆಸರುಗಳೇ ಹಲವು: ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ, ಹಳೆಯ ಮೈಸೂರಿನಲ್ಲಿ ವಾರ, ಗುತ್ತಿಗೆ, ಉತ್ತರದ ಜಿಲ್ಲೆಗಳಲ್ಲಿ ಲಾವಣಿ, ಕೋರು. ಮೂಲಗೇಣಿಯ ಒಕ್ಕಲಿಗೆ ಶಾಶ್ವತವಾದ ನೆಲೆಯುಂಟು. ಚಾಲಗೇಣಿಯವನು ಒಡೆಯನ ಮರ್ಜಿಗೆ ಒಳಪಟ್ಟವನು. ಕಾಯಿದೆಗಳೂ ಅಷ್ಟೇ ಬಗೆಬಗೆ. ಮುಂಬಯಿ ಭಾಗದಲ್ಲಿ ೧೯೪೮ರದು, ಹೈದರಾಬಾದು ಭಾಗದಲ್ಲಿ ೧೯೫೦ರದು, ಮೈಸೂರಿನಲ್ಲಿ ೧೯೫೨ರದು, ಮದರಾಸು ಭಾಗದಲ್ಲಿ ೧೯೫೫ರದು, ಕೊಡಗಿನಲ್ಲಿ ೧೯೫೭ರದು. ಇವನ್ನೆಲ್ಲ ಒಂದು ಅಚ್ಚಿಗೆ ತರಲು ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ೧೯೫೭ರಲ್ಲಿ ವರದಿ ಕೊಟ್ಟಿತು. ಅದನ್ನು ಆಧರಿಸಿ ಕಡಿದಾಳ ಮಂಜಪ್ಪನವರು ೧೯೫೮ರಲ್ಲಿ ಮಸೂದೆಯನ್ನು ಮಂಡಿಸಿದರು. ಮಸೂದೆ ಅಂಗೀಕಾರವಾದುದು ೧೯೬೧ರಲ್ಲಿ. ರಾಷ್ಟ್ರಪತಿಗಳ ಒಪ್ಪಿಗೆ ದೊರೆತುದು ೧೯೬೨ರಲ್ಲಿ. ಜಾರಿಗೆ ಬಂದುದು ೧೯೬೫ರ ಅಕ್ಟೋಬರ್ ೨ರಂದು. ನಡುವೆ ೧೯೬೪ರ ಹದಿನೇಳನೆಯ ತಿದ್ದುಪಡಿಯಿಂದ ಅದಕ್ಕೆ ಒಂಬತ್ತನೆಯ ಅನುಸೂಚಿಯ ಕವಚವೂ ದೊರೆಯಿತು.

ಮಂಡನೆಯಿಂದ ಜಾರಿಯವರೆಗೆ ಏಳು ವರ್ಷ! ಗೇಣಿದಾರನ ಹೆಸರು ಪಹಣಿಯಲ್ಲಿ ಕಾಣದಂತೆ ಮಾಡಲು, ತಾನಾಗಿಯೇ ಭೂಮಿಯನ್ನು ಬಿಟ್ಟುಕೊಟ್ಟನೆಂದು ಬರೆಯಿಸಿಕೊಳ್ಳಲು, ಹಿಸ್ಸೆ ಮಾಡಿ ಬಂಧುಗಳ ಹೆಸರಿಗೆ ಹಂಚಲು ಏಳು ವರ್ಷ ಸಾಕು. ಸ್ವಂತ ಬೇಸಾಯಕ್ಕೆಂದು ಒಡೆಯನು ಗೇಣಿ ಜಮೀನನ್ನು ಹಿಂದಕ್ಕೆ ಪಡೆಯಬಹುದೆಂಬ ಅವಕಾಶವನ್ನು ಆ ಕಾಯಿದೆಯೇ ಇಟ್ಟುಕೊಂಡಿತ್ತು. ಅಡುಗೆಮನೆಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಆಯಿತು. ಶಾಸನದ ಉದ್ದೇಶ ಒಳ್ಳೆಯದಿದ್ದರೂ ಅದು ಒಕ್ಕಲುಗಳನ್ನು ಎಬ್ಬಿಸುವುದಕ್ಕೆ ನಿಮಿತ್ತವಾದ ಕಡೆಗಳೂ ಉಂಟು.

ದೇವರಾಜ ಅರಸರು ೧೯೭೨ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ ಬಂದ ತಿದ್ದುಪಡಿ ಈ ಹಿತ್ತಿಲ ಬಾಗಿಲನ್ನು ಮುಚ್ಚಿತು. ಅದರ ತಿರುಳು ಒಂದೇ ವಾಕ್ಯದಲ್ಲಿದೆ: ೧೯೭೪ರ ಮಾರ್ಚ್ ೧ರಂದು ಗೇಣಿಯಲ್ಲಿದ್ದ ಜಮೀನುಗಳೆಲ್ಲ ಸರಕಾರಕ್ಕೆ ವಹಿಸಲ್ಪಟ್ಟವು. ಒಡೆಯನಿಂದ ನೇರವಾಗಿ ಒಕ್ಕಲಿಗೆ ಅಲ್ಲ. ಮೊದಲು ಸರಕಾರಕ್ಕೆ, ಅಲ್ಲಿಂದ ಅಧಿಭೋಗದ ಹಕ್ಕಾಗಿ ಒಕ್ಕಲಿಗೆ. ಒಡೆಯನಿಗೆ ಗೊತ್ತುಪಡಿಸಿದ ಪರಿಹಾರ. ಒಕ್ಕಲು ಅದರ ಮೊಬಲಗನ್ನು ಕಂತುಗಳಲ್ಲಿ ತೆರಬಹುದು. ಸ್ವಂತ ಬೇಸಾಯದ ನೆಪದಲ್ಲಿ ಹಿಂದಕ್ಕೆ ಪಡೆಯುವ ಅವಕಾಶ ಸೈನಿಕರಿಗೂ ನಾವಿಕರಿಗೂ ಮಾತ್ರ ಉಳಿಯಿತು. ಐವರ ಕುಟುಂಬಕ್ಕೆ ೧೦ ಯೂನಿಟ್ಟುಗಳ ಮಿತಿ ಬಂದಿತು. ನೀರಾವರಿಯ ಉತ್ತಮ ಭೂಮಿಯಾದರೆ ೧೦ ಎಕರೆ, ಮಳೆಯನ್ನೇ ನೆಚ್ಚಿದ ಖುಷ್ಕಿಯಾದರೆ ೫೪ ಎಕರೆ. ಕಾಫಿ, ಚಹ, ರಬ್ಬರ್, ಏಲಕ್ಕಿ ತೋಟಗಳು ಇದರಿಂದ ಹೊರಗುಳಿದವು. ಹೊರಗುಳಿಸಿದ್ದು ಸರಿಯೇ ಎಂಬ ಪ್ರಶ್ನೆ ಅಂದಿನಿಂದಲೂ ಇದೆ.

ಈ ಶಾಸನದ ನಿಜವಾದ ಹೊಸತನ ನ್ಯಾಯಮಂಡಳಿಯಲ್ಲಿದ್ದಿತು. ಭೂವ್ಯಾಜ್ಯವು ಸಿವಿಲ್ ಕೋರ್ಟಿಗೆ ಹೋದರೆ ತಂದೆಯ ದಾವೆ ಮೊಮ್ಮಗನ ಕಾಲಕ್ಕೆ ಇತ್ಯರ್ಥವಾಗುವುದೆಂಬುದನ್ನು ಹಳ್ಳಿಯವರೆಲ್ಲ ಬಲ್ಲರು. ಅದಕ್ಕಾಗಿ ಆ ಕೋರ್ಟುಗಳ ಅಧಿಕಾರವನ್ನೇ ತೆಗೆದು ತಾಲ್ಲೂಕಿಗೊಂದರಂತೆ, ಅಗತ್ಯವಿದ್ದೆಡೆ ಹೆಚ್ಚು, ಭೂನ್ಯಾಯಮಂಡಳಿಗಳನ್ನು ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು. ಸರಕಾರ ನೇಮಿಸಿದ ನಾಲ್ವರು ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗೇಣಿದಾರನು 'ಫಾರಂ ನಂಬರ್ ೭' ಎಂಬ ಅರ್ಜಿಯನ್ನು ತುಂಬಿ ಕೊಡಬೇಕು. ದಾಖಲೆಯಿಲ್ಲದಿದ್ದರೆ ಪಕ್ಕದ ಹೊಲದವನ ಸಾಕ್ಷ್ಯವೂ ಆದೀತು. ಕಾನೂನಿನ ಗ್ರಂಥಗಳಲ್ಲಿ ಅಡಗಿದ್ದ ನ್ಯಾಯ ಹೀಗೆ ಊರವರ ನಾಲಗೆಯ ಮೇಲಕ್ಕೆ ಬಂದಿತು. ಫಾರಂ ಏಳು ಎಂಬ ಮಾತು ಅಕ್ಷರ ಬಾರದವರಿಗೂ ಪರಿಚಿತವಾಯಿತು. ಅರ್ಜಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ ೧೯೭೯ರ ಜೂನ್ ೩೦ಕ್ಕೆ ನಿಂತಾಗ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಕ್ಕಲುಗಳ ಪರವಾಗಿ ತೀರ್ಮಾನವಾದವು.

ದೋಷಗಳಿರಲಿಲ್ಲವೆಂದಲ್ಲ. ಸದಸ್ಯರ ನೇಮಕದಲ್ಲಿ ಆಳುವ ಪಕ್ಷದ ಕೈ ಇದ್ದಿತು. ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲದ್ದರಿಂದ ಸೋತವರು ರಿಟ್ ಅರ್ಜಿಯೊಡನೆ ಉಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿಂದ ಎಷ್ಟೋ ಕಡತಗಳು ಮರುವಿಚಾರಣೆಗೆಂದು ತಾಲ್ಲೂಕಿಗೆ ಹಿಂದಿರುಗಿದವು. ಇನ್ನೊಂದು ನೋವನ್ನೂ ಮುಚ್ಚಿಡಲಾಗದು. ಗಂಡ ತೀರಿಕೊಂಡ ಮೇಲೆ ಉಳಲು ಆಳಿಲ್ಲದೆ ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದ ವಿಧವೆಗೂ ಸಾವಿರ ಎಕರೆಯ ಜಮೀನುದಾರನಿಗೂ ಕಾಯಿದೆ ಒಂದೇ ಆಯಿತು. ನ್ಯಾಯಮಂಡಳಿಯ ಮುಂದೆ ಬಡವನ ಎದುರು ಬಡವಿ ನಿಂತ ಪ್ರಸಂಗಗಳು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹಲವು. ದೊಡ್ಡ ಅನ್ಯಾಯವನ್ನು ತೊಡೆಯಲು ಬೀಸಿದ ಕತ್ತಿ ಸಣ್ಣವರನ್ನು ಗುರುತಿಸಲಾರದೆ ಹೋಯಿತು. ಗುರುತಿಸಿದ್ದರೆ ಆ ಸಂದಿಯಲ್ಲಿ ದೊಡ್ಡವರೂ ನುಸುಳುತ್ತಿದ್ದರೆಂಬುದು ಅಂದಿನವರ ಸಮಾಧಾನ. ಸಮಾಧಾನದಲ್ಲಿ ಸತ್ಯವಿದೆ, ನೋವಿಗೆ ಅದು ಔಷಧವಲ್ಲ.

ದೇವಾಲಯ, ಮಠಗಳ ಗೇಣಿಭೂಮಿಗಳೂ ಇದೇ ಶಾಸನಕ್ಕೆ ಒಳಪಟ್ಟವು. ಅದಕ್ಕೂ ಮೊದಲು ೧೯೫೫ರ ಇನಾಂ ರದ್ದಿಯಾತಿ ಶಾಸನವು ಹಳೆಯ ಮೈಸೂರಿನ ಧಾರ್ಮಿಕ ಇನಾಮುಗಳನ್ನು ತೆಗೆದಿತ್ತು. ಭೂಮಿಗೆ ಬದಲಾಗಿ ಸರಕಾರದ ಬೊಕ್ಕಸದಿಂದ ವರ್ಷಾಸನವೆಂಬ ಏರ್ಪಾಡಾಯಿತು. ಬೆಲೆಗಳು ಏರಿದಂತೆ ವರ್ಷಾಸನದ ಮೊಬಲಗು ಎಣ್ಣೆಬತ್ತಿಗೂ ಸಾಲದಾಯಿತೆಂಬುದು ಅರ್ಚಕರ ಹಳೆಯ ಅಳಲು. ಗದ್ದೆಯ ಅಕ್ಕಿಯಿಂದ ದಾಸೋಹ ನಡೆಸುತ್ತಿದ್ದ ಸಂಸ್ಥೆಗಳು ಭಕ್ತರ ಕಾಣಿಕೆಯನ್ನು ನೆಚ್ಚಬೇಕಾಯಿತು. ಇಷ್ಟಾದರೂ, ಆ ಗದ್ದೆಯನ್ನು ಪಡೆದ ಒಕ್ಕಲಿನ ಮಕ್ಕಳು ಹೊತ್ತ ಪಾಟಿಚೀಲವನ್ನೂ ಲೆಕ್ಕಕ್ಕೆ ಹಿಡಿಯದೆ ನಷ್ಟವನ್ನು ಮಾತ್ರ ಬರೆದಿಡುವುದು ಅಪೂರ್ಣವಾದ ಜಮಾಖರ್ಚು. ಗೋಪಾಲಗೌಡರು ಈ ದಿನವನ್ನು ಕಾಣಲಿಲ್ಲ, ೧೯೭೨ರಲ್ಲಿಯೇ ತೀರಿಕೊಂಡಿದ್ದರು. ಕಾಗೋಡು ಗ್ರಾಮದವರೇ ಆದ ಕಾಗೋಡು ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಅಧ್ಯಕ್ಷರಾದರು. ೨೦೧೬ರಲ್ಲಿ ಕಂದಾಯ ಮಂತ್ರಿಗಳೂ ಆದರು.

ಒಡೆತನ ಬಂದಿತು, ಬದುಕು ಬಂದಿತೇ ಎಂಬ ಪ್ರಶ್ನೆ ೧೯೮೦ರಲ್ಲಿ ಎದ್ದಿತು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆಯ ನೀರು ಸರಿಯಾಗಿ ತಲಪದಿದ್ದರೂ ಭೂಮಿ ಸುಧಾರಿಸಿತೆಂದು ಅಭಿವೃದ್ಧಿ ಕರವನ್ನು ಕೇಳಿದುದು ರೈತರನ್ನು ಕೆರಳಿಸಿತು. ಆ ವರ್ಷದ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರು ನಡೆದು ರೈತರು ಸತ್ತರು. ರಾಜ್ಯ ರೈತಸಂಘದ ಹುಟ್ಟಿಗೆ ಆ ದಿನಗಳೇ ಹಿನ್ನೆಲೆ. ಎಚ್. ಎಸ್. ರುದ್ರಪ್ಪ, ಎಂ. ಡಿ. ನಂಜುಂಡಸ್ವಾಮಿ, ಎನ್. ಡಿ. ಸುಂದರೇಶ್ ಮೊದಲಾದವರು ಅದನ್ನು ಕಟ್ಟಿದರು. ಅಂದಿನವರೆಗೆ 'ಭೂಮಿ ಯಾರದು' ಎಂಬುದು ಪ್ರಶ್ನೆ. ಅಲ್ಲಿಂದ ಮುಂದೆ 'ಬೆಲೆ ಎಷ್ಟು' ಎಂಬುದು.

ಬೆಲೆಯ ಪ್ರಶ್ನೆ ಮತ್ತೆ ದಿಲ್ಲಿಯದು. ೧೯೬೫ರಲ್ಲಿ ಕೃಷಿ ಬೆಲೆ ಆಯೋಗವು ರಚಿತವಾದ ಬಳಿಕ ಕನಿಷ್ಠ ಬೆಂಬಲ ಬೆಲೆಯ ಪದ್ಧತಿ ಬೇರೂರಿತು. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗವು ಉತ್ಪಾದನೆಯ ವೆಚ್ಚಕ್ಕಿಂತ ಬೆಂಬಲ ಬೆಲೆಯು ಶೇಕಡ ೫೦ರಷ್ಟಾದರೂ ಹೆಚ್ಚಿರಬೇಕೆಂದು ೨೦೦೬ರಲ್ಲಿ ಶಿಫಾರಸು ಮಾಡಿತು. ಯಾವ ವೆಚ್ಚ ಎಂಬುದೇ ಜಗಳ: ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಇಷ್ಟೇ ಸಾಕೋ, ಭೂಮಿಯ ಬಾಡಿಗೆ ಮತ್ತು ಬಂಡವಾಳದ ಬಡ್ಡಿಯೂ ಸೇರಬೇಕೋ? ಕಾಗೋಡಿನ ಕೊಳಗವೇ ಇಲ್ಲಿ ಲೆಕ್ಕದ ವೇಷ ಹಾಕಿ ಬಂದಂತೆ ತೋರುತ್ತದೆ.

೨೦೨೦ರಲ್ಲಿ ಸಮವರ್ತಿ ಪಟ್ಟಿಯ ೩೩ನೆಯ ನಮೂದನ್ನು ಆಧರಿಸಿ ಸಂಸತ್ತು ಮೂರು ಕೃಷಿ ಶಾಸನಗಳನ್ನು ಮಾಡಿತು. ಸೆಪ್ಟೆಂಬರ್ ೨೦ರಂದು ರಾಜ್ಯಸಭೆಯಲ್ಲಿ ಅವುಗಳಲ್ಲಿ ಎರಡು ಮಸೂದೆಗಳು, ಮತಗಳನ್ನು ಎಣಿಸಬೇಕೆಂಬ ಕೂಗಿನ ನಡುವೆಯೇ, ಧ್ವನಿಮತದಿಂದ ಅಂಗೀಕೃತವಾದವು. ದಿಲ್ಲಿಯ ಗಡಿಗಳಲ್ಲಿ ವರ್ಷಕಾಲ ರೈತರು ಕುಳಿತರು. ೨೦೨೧ರ ನವೆಂಬರ್ ೨೯ರಂದು ಅವೇ ಶಾಸನಗಳು ಎರಡೂ ಸದನಗಳಲ್ಲಿ ಒಂದೇ ದಿನ ಚರ್ಚೆಯಿಲ್ಲದೆ ರದ್ದಾದವು. ಮಾಡುವಾಗಲೂ ಮಾತಿಲ್ಲ, ಅಳಿಸುವಾಗಲೂ ಮಾತಿಲ್ಲ. ೧೯೫೧ರ ತಾತ್ಕಾಲಿಕ ಸಂಸತ್ತು ಮಸೂದೆಯನ್ನು ಪ್ರವರ ಸಮಿತಿಗೆ ಒಪ್ಪಿಸಿ, ಪ್ರಧಾನಿಯೇ ನಿಂತು ಎದುರಾಳಿಗಳಿಗೆ ಉತ್ತರ ಹೇಳಿದುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದವರಿಗೆ ವ್ಯಸನವಾಗುವುದು ಸಹಜ.

ಅದೇ ೨೦೨೦ರಲ್ಲಿ ಕರ್ನಾಟಕದಲ್ಲಿ ಭೂಸುಧಾರಣಾ ಶಾಸನದ ೭೯ಎ, ೭೯ಬಿ ಕಲಮುಗಳು ಹೋದವು. ಬೇಸಾಯೇತರ ಆದಾಯ ಒಂದು ಮಿತಿಯನ್ನು ಮೀರಿದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬುದು ೭೯ಎ. ಆ ಮಿತಿ ೧೯೭೪ರಲ್ಲಿ ವರ್ಷಕ್ಕೆ ೧೨,೦೦೦ ರೂಪಾಯಿ. ಮೆಲ್ಲಮೆಲ್ಲನೆ ಏರಿ ೨೦೧೫ರಲ್ಲಿ ೨೫ ಲಕ್ಷ. ಕಂಪೆನಿ ಮುಂತಾದ ಸಂಸ್ಥೆಗಳನ್ನು ದೂರವಿಟ್ಟುದು ೭೯ಬಿ. ಈ ನಿರ್ಬಂಧಗಳು ಲಂಚಕ್ಕೆ ದಾರಿಯಾಗಿವೆ, ವಿದ್ಯಾವಂತ ತರುಣರು ಬೇಸಾಯಕ್ಕೆ ಬರಲು ಅಡ್ಡಿಯಾಗಿವೆ ಎಂಬುದು ಸರಕಾರದ ವಾದ. ಪಟ್ಟಣದ ಹಣದ ಮುಂದೆ ಸಣ್ಣ ಹಿಡುವಳಿದಾರನು ಎಷ್ಟು ದಿನ ನಿಂತಾನು ಎಂಬುದು ವಿರೋಧಿಗಳ ಪ್ರಶ್ನೆ. ಎರಡರಲ್ಲಿಯೂ ನಿಜವಿದೆ, ಆದರೆ ಲಂಚವಿದೆಯೆಂದು ಕಾವಲನ್ನೇ ತೆಗೆದುಹಾಕುವುದು ಸರಿಯಾದ ಚಿಕಿತ್ಸೆಯೆನಿಸದು. ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಡಿಸೆಂಬರಿನಲ್ಲಿ ವಿಧಾನಪರಿಷತ್ತಿನ ಒಪ್ಪಿಗೆಯೊಡನೆ ಶಾಸನವಾಗಿ ಬಂದ ಈ ತಿದ್ದುಪಡಿ, ೧೯೭೪ರ ಮಾರ್ಚ್ ೧ರಿಂದಲೇ ಆ ಕಲಮುಗಳು ಇರಲಿಲ್ಲವೆಂಬಂತೆ ಭಾವಿಸಿತು.

ಇನ್ನು ಉಳಿದಿರುವುದು ಇಂದಿನ ಒಕ್ಕಲಿನ ಮಾತು. ೧೯೭೪ರ ಶಾಸನ ಹೊಸ ಗೇಣಿಯನ್ನೇ ನಿಷೇಧಿಸಿತು. ಕಾಗದದ ಮೇಲೆ ಗೇಣಿ ಇಲ್ಲ; ನೆಲದ ಮೇಲೆ ಇದೆ. ಮಕ್ಕಳೊಡನೆ ಬೆಂಗಳೂರು ಸೇರಿದ ಹಿಡುವಳಿದಾರನು ಬಾಯಿಮಾತಿನಲ್ಲಿ ವರ್ಷಕ್ಕಿಷ್ಟು ಎಂದು ಹೊಲವನ್ನು ಕೊಡುತ್ತಾನೆ. ಬರೆದುಕೊಟ್ಟರೆ ಭೂಮಿ ಕೈಬಿಟ್ಟೀತೆಂಬ ಹಳೆಯ ಭಯ ಅವನಿಗೆ. ಸರಕಾರದ ಬೆಂಬಲವಾದರೋ ಪಹಣಿಯ ಹಾದಿಯಲ್ಲಿಯೇ ನಡೆಯುತ್ತದೆ. ೨೦೧೮ರ ಡಿಸೆಂಬರಿನಿಂದ ಅನ್ವಯವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ ನಿಧಿಯ ವಾರ್ಷಿಕ ೬,೦೦೦ ರೂಪಾಯಿ ಭೂದಾಖಲೆಯಲ್ಲಿ ಹೆಸರಿರುವ ಕುಟುಂಬಕ್ಕೆ ಮಾತ್ರ. ಬೆಳೆಸಾಲ, ಬರಪರಿಹಾರ, ಖರೀದಿ ಕೇಂದ್ರದ ನೋಂದಣಿ ಎಲ್ಲಕ್ಕೂ ಬೇಕಾದುದು ಅದೇ ಹಾಳೆ. ನೆರೆಯ ಆಂಧ್ರಪ್ರದೇಶವು ೨೦೧೯ರಲ್ಲಿ ಸಾಗುವಳಿದಾರರ ಹಕ್ಕಿನ ಶಾಸನವೊಂದನ್ನು ಮಾಡಿ, ಒಡೆತನಕ್ಕೆ ಧಕ್ಕೆಯಿಲ್ಲದೆ ಹನ್ನೊಂದು ತಿಂಗಳ ಅವಧಿಯ ಪತ್ರವನ್ನು ಉಳುವವನಿಗೆ ಕೊಡುವ ಏರ್ಪಾಡು ಮಾಡಿತು. ಅದಕ್ಕೂ ಒಡೆಯನ ಸಹಿ ಬೇಕು; ಸಹಿಗೆ ಒಡೆಯರು ಹಿಂಜರಿಯುವರು. ಕೇಂದ್ರದ ನೀತಿ ಆಯೋಗವು ೨೦೧೬ರಲ್ಲಿ ಮಾದರಿ ಗೇಣಿ ಶಾಸನವನ್ನು ರಾಜ್ಯಗಳ ಮುಂದಿಟ್ಟಿತು.

ಕರ್ನಾಟಕದ ಪಹಣಿಯಲ್ಲಿ ೯ನೆಯ ಕಾಲಂ ಒಡೆಯನದು, ೧೨ನೆಯದು ಸಾಗುವಳಿದಾರನದು. ೧೯೭೪ರಲ್ಲಿ ಸಾವಿರಾರು ಒಕ್ಕಲುಗಳು ನ್ಯಾಯಮಂಡಳಿಯ ಮುಂದೆ ಹಿಡಿದು ನಿಂತದ್ದು ಈ ಹನ್ನೆರಡನೆಯ ಕಾಲಮಿನ ನಕಲನ್ನು. ಇಂದು ಅದರಲ್ಲಿ ಬಹುತೇಕ 'ಸ್ವಂತ' ಎಂದೇ ಇರುತ್ತದೆ. ಆಲಿಕಲ್ಲು ಬಿದ್ದು ಜೋಳ ಮಲಗಿದ ವರ್ಷ ನಾಡಕಚೇರಿಯ ಕಿಂಡಿಯ ಮುಂದೆ ಸಾಲಿನಲ್ಲಿ ನಿಂತ ಲಾವಣಿಯವನಿಗೆ ಒಳಗಿನಿಂದ ಬರುವ ಪ್ರಶ್ನೆ ಒಂದೇ: ಪಹಣಿ ಯಾರ ಹೆಸರಿನಲ್ಲಿದೆ?